ಹನಿಯಲ್ಲಿ ಈಜುತ್ತಿದ್ದುದು

ಮೂಕಂಡಪಲ್ಲಿ
13 ಜೂನ್ 2006

ಮಗಳೇ ಹರ್ಷಿತಾ,

ಹೊಸೂರಿನ ಕಚೇರಿಯವರು ಹೊಸ ಪೈಪು ಹಾಕುತ್ತೇವೆ ಎಂದಿದ್ದರು, ಹಾಕಲಿಲ್ಲ. ಚರಂಡಿಯೊಳಗೆ ಬಿದ್ದಿರುವ ಹಳೆಯದನ್ನಾದರೂ ಎತ್ತಿ ಕಟ್ಟಿ ಎಂದೆವು, ಅದೂ ಆಗಲಿಲ್ಲ. ಟ್ಯಾಂಕಿಗೆ ಕ್ಲೋರಿನ್ ಹಾಕುತ್ತೇವೆ ಎಂದವರು ಡಬ್ಬ ಹಿಡಿದು ಫೋಟೊ ತೆಗೆಸಿಕೊಂಡು ಹೋದರು. ಬಂದಿರುವುದು ಕಾಲರಾ ಎಂದು ಬರೆದುಕೊಡಿ ಎಂದು ಕೇಳಿದೆವು. ಅದನ್ನಂತೂ ಬಾಯಿಬಿಟ್ಟು ಕೂಡ ಹೇಳಲಿಲ್ಲ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಕೃಷ್ಣಗಿರಿಯ ಆ ಲ್ಯಾಬಿನಲ್ಲಿ ನಿನ್ನ ಪಕ್ಕ ಯಾರು ಕಿವಿಗೊಟ್ಟು ಕೂತಿರುತ್ತಾರೋ ಎಂದು ಸುಮ್ಮನಾದೆ. ಹಾಸ್ಟೆಲಿನಲ್ಲಿ ನೀರು ಕುದಿಸಿಯೇ ಕುಡಿ.

ನಮ್ಮ ಲೈನ್ ಮನೆಗಳಲ್ಲಿ ಪಾಪಣ್ಣನ ತಾಯಿ ತೀರಿಕೊಂಡಳು. ವಾಂತಿ, ಅಕ್ಕಿ ತೊಳೆದ ನೀರಿನಂಥ ಭೇದಿ. ಬೆಳಿಗ್ಗೆ ಶುರುವಾದದ್ದು, ಮಧ್ಯಾಹ್ನಕ್ಕೆ ಕಣ್ಣು ಗುಳಿ ಬಿದ್ದಿತ್ತು. ವಯಸ್ಸಾಗಿತ್ತು ಎಂದು ಬರೆದುಕೊಂಡರು. ಆರೋಗ್ಯಾಧಿಕಾರಿ ಬಂದವನು 'ವಯಿತ್ತುಪೋಕ್ಕು' ಎಂದ, ಬರೀ ಭೇದಿಯಂತೆ. ನೀವೇ ನಲ್ಲಿಗೆ ಮೋಟರ್ ಕಟ್ಟಿ ಚರಂಡಿ ಎಳೆದುಕೊಂಡು ಕುಡಿದಿರಿ ಎಂದು ತಮಿಳಿನಲ್ಲೇ ಬೈದ.

ಮೋಟರ್ ವಿಷಯ ನಿಜ. ನೀರು ಬಿಟ್ಟ ದಿನವೂ ನಲ್ಲಿಯಲ್ಲಿ ದಾರದ ಹಾಗೆ ಬೀಳುತ್ತದೆ. ಒಬ್ಬ ಮೋಟರ್ ಕಟ್ಟಿದರೆ ಪಕ್ಕದವನಿಗೆ ಅದೂ ಇಲ್ಲ, ಅವನೂ ಕಟ್ಟುತ್ತಾನೆ. ಎಲ್ಲರೂ ಸೇರಿ ಜಗ್ಗಿದಾಗ ಒಡೆದ ಪೈಪು ಸುತ್ತಲಿನ ಹೊಲಸನ್ನೂ ಹೀರಿಕೊಂಡು ಬರುತ್ತದೆ. ಬಿಚ್ಚೋಣ ಎಂದು ಸಭೆಯಲ್ಲಿ ಹೇಳಿದ್ದಕ್ಕೆ ಪಾಪಣ್ಣ ಮೇಲೆಯೇ ಬಿದ್ದ. "ಮೋಟ್ರು ಬಿಚ್ಚುದ್ರೆ ನೀರು ನೀನ್ ಹೊತ್ಕೊಂಬತ್ತೀಯೇನ್ಲಾ ಮುನಿಯಪ್ಪ? ಮೊದ್ಲು ನಿನ್ ಮನೇದು ಬಿಚ್ಚು, ಆಮ್ಯಾಕೆ ಭಾಷ್ಣ ಮಾಡು ಕಣ್ಲಾ." ಅವನ ಎದುರಿಗೇ ಬಿಚ್ಚಿದೆ. ಆದರೆ ಪೈಪನ್ನು ಚರಂಡಿಯೊಳಗೆ ಮಲಗಿಸಿದವರು ನಾವಲ್ಲ. ಅದನ್ನು ಆ ಅಧಿಕಾರಿಗೆ ಯಾರು ಹೇಳಬೇಕು?

ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನಮ್ಮ ಲೈನಿನಿಂದ ಬಂದ ರಾಮಲಕ್ಷ್ಮಮ್ಮ ಎಂಬಾಕೆಯ ಭೇದಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ, ಬಾಗಿದ ಕಡ್ಡಿಯಂಥವು ಗುಂಗುರು ಹುಳದ ಹಿಂಡಿನ ಹಾಗೆ ನುಗ್ಗಾಡುತ್ತಿದ್ದವು ಎಂದಿದ್ದೀಯ. ಒಂದೊಂದಕ್ಕೂ ಒಂದೇ ಬಾಲವಂತೆ, ಆ ಬಾಲ ತಿರುಗಿಸಿಕೊಂಡೇ ಲೋಳೆ ಸೀಳಿ ಕರುಳಿನ ಗೋಡೆ ಮುಟ್ಟುತ್ತವಂತೆ. ಕಾಲರಾ ಹುಳವನ್ನಷ್ಟೇ ಹಿಡಿದು ನಿಲ್ಲಿಸುವ ಸೀರಂ ಬಿಟ್ಟೊಡನೆ ಎಲ್ಲವೂ ನಿಂತುಬಿಟ್ಟವಂತೆ. ಇನ್ನೇನು ಸಾಕ್ಷಿ ಬೇಕು? ಕಣ್ಣಿಗೆ ಕಾಣದ ಹುಳ ಒಂದು ಬಾಲ ಇಟ್ಟುಕೊಂಡು ಹೋಗಬೇಕಾದಲ್ಲಿಗೆ ಹೋಗುತ್ತದೆ. ಇಷ್ಟೊಂದು ಜೀಪು, ಜವಾನರಿರುವ ಸರ್ಕಾರ ಹೊಸೂರಿನ ಕಚೇರಿಯಿಂದ ನಮ್ಮ ಲೈನಿನ ತನಕ ಬರಲಾರದು.

ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ ಎಂದು ನಿನ್ನ ಮೇಲಿನವರು ಹೆದರಿಸಿದ್ದಾರೆ. ನೀನು ಕಾಯಂ ಅಲ್ಲ ಎಂಬುದು ನನಗೂ ಗೊತ್ತು. ಫ್ಯಾಕ್ಟರಿ ಗೇಟಿನಲ್ಲಿ ಕೂಗಿ ಕೆಲಸ ಕಳೆದುಕೊಂಡವನು ನಾನು. ನೀನೂ ಹಾಗೇ ಮಾಡು ಎನ್ನಲು ನಾಲಿಗೆ ಏಳುವುದಿಲ್ಲ. ಈ ಭಾನುವಾರ ನಾವು ಕರೆದಿರುವ ಸಭೆಗೆ ಬಂದು ನೋಡಿದ್ದನ್ನು ಹೇಳು ಎಂದು ಒತ್ತಾಯ ಮಾಡುವುದಿಲ್ಲ.

ಆ ಹೆಂಗಸು ಉಳಿದಳಾ ಎಂದು ಕೇಳಿದ್ದೀಯ. ಉಳಿದಿದ್ದಾಳೆ.

ಧೈರ್ಯವಾಗಿರು. ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ,
ಮುನಿಯಪ್ಪ

ಮತ್ತೆ: ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಮ್ಮ ಲೈನಿನಲ್ಲಿ ರಾಮಲಕ್ಷ್ಮಮ್ಮ ಎಂಬುವರು ಯಾರೂ ಇಲ್ಲ. ಅದು ನಿನ್ನ ಅಮ್ಮ. ನರ್ಸು ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಹೇಳಿದಳು. "ಕೃಷ್ಣಗಿರಿಗೆ ಹೋಗ್ತದಂತೆ. ನನ್ ಭೇದೀನ ನನ್ ಮಗಳ ಕೈಗೆ ಕೊಡಾದಾ?" ಎಂದು ಆಮೇಲೆ ನನ್ನ ಹತ್ತಿರ ಅತ್ತಳು. ಡ್ರಿಪ್ಪು ಹಾಕಿಸಿ ಉಳಿಸಿಕೊಂಡೆವು. ಈಗಲೂ ಎದ್ದರೆ ಗೋಡೆ ಹಿಡಿಯುತ್ತಾಳೆ. ಆದರೂ ಸಭೆಯಲ್ಲಿ ತಾನೇ ಹೇಳುತ್ತಾಳಂತೆ. "ನನ್ ಹೊಟ್ಟೇಲಿ ಈಜ್ತಿದ್ದಿದ್ದುನ್ನ ನನ್ ಮಗಳೇ ನೋಡವ್ಳೆ ಅಂತೀನಿ. ಯಾರು ಇಲ್ಲ ಅಂತಾರೋ ನೋಡಾನ." ಹಾಗಂದರೆ ಮಗಳ ಕೆಲಸ ಹೋಗುತ್ತದೆ ಎಂದು ಅವಳಿಗೆ ಹೇಳಿದೆ. "ಕೆಲ್ಸ ಹೋದ್ರೆ ಮಗಳು ಮನೆಗ್ ಬತ್ತಾಳೆ. ಪಾಪಣ್ಣನ ಅವ್ವ ಬತ್ತಾಳಾ?" ಎಂದಳು.

ಅವಳನ್ನು ತಡೆಯಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ನೀನೇ ಬಂದು ಹೇಳು. ಭಾನುವಾರ, ಹದಿನೆಂಟನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ, ನೀರಿನ ಟ್ಯಾಂಕಿನ ಕೆಳಗೆ.