ತುಂಬೆಗೊಂದು ಪಾತಿ

ಹೊಳೆನರಸೀಪುರ
೧೨-೧೧-೧೯೯೮

ಚಿ. ಸೌ. ಪ್ರೇಮಕುಮಾರಿಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಕ್ಷೇಮವೇನೂ ಇಲ್ಲ ಕಣೆ. ನೀನು ಸಿಟ್ಟು ಮಾಡಿಕೊಂಡು ಅರಕಲಗೂಡಿನ ಬಸ್ಸು ಹತ್ತಿದಾಗಿನಿಂದ ಈ ಮನೆಯಲ್ಲಿ ಯಾರಿಗೂ ಮಾತೇ ಇಲ್ಲ. ಮುರಳಿ ಆಫೀಸಿನಿಂದ ಬಂದವನೇ ಮುಖ ಊದಿಸಿಕೊಂಡು ಪೇಪರ್ ಹಿಡಿಯುತ್ತಾನೆ. ನನ್ನ ಮಗನೇ ಆದರೂ ಹೇಳುತ್ತೇನೆ, ಅವತ್ತು ಅವನು ಹೆಂಡತಿಯ ಪರ ಒಂದು ಮಾತಾಡಬಹುದಿತ್ತು.

ನೀನು ಹಿತ್ತಲಲ್ಲಿ ತುಂಬೆಗೆ ಪಾತಿ ಮಾಡಿದಾಗ ಹಾಲಿನ ಕೃಷ್ಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅವ್ವಾ, ಬದಿನಾಗೆ ತಾನಾಗೇ ಉಟ್ಕೊಳ್ಳೋ ಕಳೆಗೂ ನೀರು ಉಯ್ತಾರಾ?" ಅಂದಳು. ನಾನೂ ನಕ್ಕೆ. ಜೇನು ಬರಲಿ ಅತ್ತೆ, ಸೌತೆಬಳ್ಳಿ ಕಾಯಿ ಕಚ್ಚುತ್ತೆ ಅಂದೆ ನೀನು. ಪಾಪ, ಹೀಚೆಲ್ಲ ಹಳದಿಯಾಗಿ ಉದುರಿಹೋಗುತ್ತಿದ್ದ ಬಳ್ಳಿ ಅದು.

ತುಂಬೆ ಬೆಳ್ಳಗೆ ಅರಳಿತು, ಕಾರ್ತಿಕವೂ ಬಂತು. ಈಶ್ವರನಿಗೆ ದಿನಾ ತುಂಬೆ ಏರಿಸುತ್ತೇನೆಂದು ನಿನ್ನ ಮಾವ ವ್ರತ ಹಿಡಿದರು. ಬೆಳಕು ಹರಿಯುವ ಮುಂಚೆಯೇ ಒಂದು ಹೂವೂ ಉಳಿಯದಂತೆ ಬಿಡಿಸುವರು. ಆಮೇಲೆ ಬಂದ ಜೇನು ಬರೀ ಗಿಡ ಸುತ್ತಿ ಹೊರಟುಹೋಗುತ್ತಿತ್ತು. ನೀನು ಕೇಳಿದ್ದಾದರೂ ಏನು? ಅರ್ಧ ಬಿಡಿ ಮಾವ, ಜೇನಿಗೂ ಬೇಕು ಅಂದೆ. ಅಷ್ಟಕ್ಕೇ ಅವರು, ದೇವರಿಗಿಂತ ಹುಳ ಹೆಚ್ಚಾಯಿತೇ, ನಿಮ್ಮಪ್ಪ ಕಲಿಸಿದ್ದು ಇದನ್ನೇ ಏನು ಅಂದುಬಿಟ್ಟರು. ಅಪ್ಪನ ಹೆಸರು ಎತ್ತಬಾರದಿತ್ತು. ನಾನು ಒಳಗೆ ಚಟ್ನಿ ರುಬ್ಬುತ್ತಲೇ ಇದ್ದೆ.

ಸೊಸೆ ಬಂದು ತಪ್ಪಾಯಿತು ಅನ್ನಲಿ ಅಂತ ಅವರು ಕಾದಿದ್ದಾರೆ. ನೀನು ಅನ್ನಬೇಡ, ತಪ್ಪಿದ್ದರೆ ತಾನೇ ಅನ್ನುವುದು? ಭಾನುವಾರ ಮುರಳಿಯನ್ನು ಕಳಿಸುತ್ತೇನೆ. ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರೆ ನಾಲ್ಕು ಬೈದು, ಆಮೇಲೆ ಕಾಫಿ ಕೊಡು.

ನಿಮ್ಮಮ್ಮನ ಮಂಡಿನೋವು ಹೇಗಿದೆ? ಕೇಳಿದೆನೆಂದು ಹೇಳು.

ಇತಿ ನಿನ್ನ ಅತ್ತೆ,
ಚೂಡಾಮಣಿ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಅವರು ಬುಟ್ಟಿ ಹಿಡಿದು ಹಿತ್ತಲಿಗೆ ಬಂದಾಗ ಪಾತಿಗೆ ಅಡ್ಡ ನಿಂತೆ. ಬೇಡ ಅಂದೆ. ಮದುವೆಯಾದ ಮೇಲೆ ಅವರಿಗೆ ಆ ಮಾತು ಹೇಳಿದ್ದು ಇದೇ ಮೊದಲು. ಅವರು ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋದರು, ಇನ್ನೂ ತಿಂಡಿ ಮುಟ್ಟಿಲ್ಲ. ಹಿತ್ತಲಲ್ಲಿ ಜೇನು ಗುಂಯ್ ಅನ್ನುತ್ತಿದೆ. ಭಾನುವಾರದವರೆಗೆ ಹೇಗೋ ನಿಲ್ಲುತ್ತೇನೆ ಪ್ರೇಮಾ. ಆಮೇಲೆ ಒಬ್ಬಳ ಕೈಲಿ ಆಗುವುದಿಲ್ಲ, ಬಾರೆ.