ಉದ್ಯೋಗ: ಏನೂ ಇಲ್ಲ

ವಕ್ಕಲೇರಿ
೧೪-೭-೨೦೨೪, ಭಾನುವಾರ

ಪ್ರೀತಿಯ ಶಾಮಲಕ್ಕನಿಗೆ ನಿನ್ನ ತಂಗಿ ಗಂಗರತ್ನಳ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಶ್ರೀನಿವಾಸಪುರದಲ್ಲಿ ಮಾವಿನ ಗಲಾಟೆ ಮುಗಿಯುತ್ತಾ ಬಂದಿರಬೇಕು. ನಿನ್ನೆ ಫೋನಿನಲ್ಲಿ ನಾನು ಕೇಸು ಆಯ್ತಕ್ಕ ಅಂದರೆ ನೀನು ಹಸು ಈಯ್ತಾ ಅಂತ ಮೂರು ಸಲ ಕೇಳಿದೆ. ನಿನ್ನ ಕಿವಿಯ ಜೊತೆ ಗುದ್ದಾಡುವುದಕ್ಕಿಂತ ಬರೆಯುವುದೇ ಸುಲಭ ಅಂತ ಕೂತಿದ್ದೇನೆ. ಬಲಗೈ ಇನ್ನೂ ಬಿಗಿ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹೋದ ವರ್ಷ ಸಂಕ್ರಾಂತಿಯಾದ ಮೂರನೇ ದಿನ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಿದ್ದಾಗ ಟೊಮೇಟೊ ಬಾಕ್ಸು ತುಂಬಿದ್ದ ಟೆಂಪೊ ಹಿಂದೆ ನೋಡದೆ ರಿವರ್ಸ್ ಬಂದಿದ್ದು, ನನ್ನ ಕಾಲೂ ಬಲಗೈ ಮಣಿಕಟ್ಟೂ ಮುರಿದಿದ್ದು, ಕೋಲಾರದ ಆಸ್ಪತ್ರೆಯಲ್ಲಿ ನೀನು ನನ್ನ ತಲೆ ಬಾಚಿದ್ದು, ಇದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನೀನು ಕಾಫಿ ತರಲು ಹೋದಾಗ ಪೊಲೀಸಿನವರು ಹೇಳಿಕೆ ಬರೆದುಕೊಳ್ಳಲು ಬಂದಿದ್ದರು. ಏನ್ ಕೆಲಸ ಮಾಡ್ತೀರಮ್ಮ ಅಂದರು. "ಏನೂ ಇಲ್ಲ ಸಾರ್, ಮನೇಲೇ ಇರ್ತೀನಿ" ಅಂದೆ. ನಾಲ್ಕು ಸೀಮೆಹಸು ಕಟ್ಟಿಕೊಂಡು ಇಪ್ಪತ್ತಾರು ವರ್ಷ ಡೇರಿಗೆ ಹಾಲು ಹಾಕಿದವಳು ನಾನು. ಆದರೂ ಬಾಯಲ್ಲಿ ಬಂದಿದ್ದು ಅದೇ. ಅವರು ಹಾಗೇ ಬರೆದುಕೊಂಡು ಹೋದರು.

ಕೋರ್ಟಿನಲ್ಲಿ ಪರಿಹಾರಕ್ಕೆ ಅರ್ಜಿ ಹಾಕೋಣ ಅಂತ ಕೋಲಾರದ ಲಾಯರು ರಜನಿ ಮೇಡಂ ಹತ್ತಿರ ಹೋದೆವು. ನಮ್ಮ ಮಗಳು ರಂಜಿತಳಿಗಿಂತ ಎರಡು ವರ್ಷ ದೊಡ್ಡವರಿರಬಹುದು ಅಷ್ಟೇ. ದುಡಿಮೆಗೆ ಪುರಾವೆ ಏನಿದೆ ಅಂತ ಕೇಳಿದರು. ಡೇರಿ ಪಾಸ್‌ಬುಕ್ಕು ಕೊಟ್ಟೆ. ತಿರುವಿ ನೋಡಿ, "ಇದರಲ್ಲಿ ನಿಮ್ಮ ಯಜಮಾನರ ಹೆಸರಿದೆಯಲ್ಲಮ್ಮ" ಅಂದರು. ಸದಸ್ಯರ ಕಾರ್ಡು ಮೊದಲಿಂದಲೂ ಇವರದೇ. ಆ ಕಾರ್ಡಿನ ಮೇಲೆ ತಾನೆ ಇವರು ಹತ್ತು ವರ್ಷ ಡೇರಿಯ ಡೈರೆಕ್ಟರ್ ಆಗಿದ್ದು, ಸಭೆಗಳಲ್ಲಿ ಶಾಲು ಹೊದ್ದು ಕೂತಿದ್ದು. ಹಾಲು ಯಾರು ಹಾಕುತ್ತಿದ್ದರು ಅಂತ ಇವರೇ ಸಾಕ್ಷಿ ಹೇಳಬೇಕಾಗುತ್ತದೆ ಅಂದರು ಮೇಡಂ. ಇವರು ಕಿಟಕಿ ಕಡೆ ನೋಡುತ್ತಾ ಕೂತರು.

ನಿಜ ಹೇಳುತ್ತೇನೆ, ನನಗೆ ನಂಬಿಕೆ ಇರಲಿಲ್ಲ. ಇನ್ಶೂರೆನ್ಸಿನವರು ಒಂದು ಸಣ್ಣ ಮೊತ್ತಕ್ಕೆ ರಾಜಿಗೆ ಕರೆದಾಗ, ಬಂದಷ್ಟು ತಗೊಂಡು ಸುಮ್ಮನಿರೋಣ ಅಂತ ನಾನೇ ಅಂದೆ. ಇವರು ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದರು.

ನನ್ನ ಸಾಕ್ಷಿಯ ದಿನ ಇನ್ಶೂರೆನ್ಸ್ ಲಾಯರು, ಒಳ್ಳೇ ಮಾತಿನ ಮನುಷ್ಯ, ಆ ಪೊಲೀಸ್ ಹೇಳಿಕೆ ಓದಿದರು. "ಉದ್ಯೋಗ ಏನೂ ಇಲ್ಲ ಅಂತ ತಾವೇ ಹೇಳಿದ್ದೀರಿ, ಸರಿಯೇನಮ್ಮ?" ಸರಿ ಅಂದೆ. ಹೇಳಿದ್ದಂತೂ ಹೌದಲ್ಲ. ನನ್ನ ಮಾತೇ ನನ್ನನ್ನು ಕಟ್ಟಿಹಾಕಿತು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಇವರ ಸರದಿ ಬಂದಿದ್ದು ಮಾರ್ಚಿನಲ್ಲಿ. ಹಾಲಿನ ರಿಜಿಸ್ಟರ್ ತರಲು ಡೇರಿ ಸೆಕ್ರೆಟರಿ ಆವಲಪ್ಪನಿಗೂ ಸಮನ್ಸ್ ಹೋಗಿತ್ತು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ವಕ್ಕಲೇರಿಗೆ ಗೊತ್ತಾಗುತ್ತದೆ. ಕೋದಂಡರಾಮಪ್ಪ ಅಂತ ಮೂರು ಸಲ ಕೂಗಿದ ಮೇಲೆ ಇವರು ಎದ್ದು ಹೋಗಿ ಕಟಕಟೆಯಲ್ಲಿ ನಿಂತರು.

"ಕಾರ್ಡು ನಿಮ್ಮದು. ಹಾಗಾದರೆ ಹಾಲಿನ ವರಮಾನವೂ ನಿಮ್ಮದೇ ಅಲ್ಲವೇ?" ಅಂದರು ಆ ಲಾಯರು.

"ಹೆಸರು ನಂದು ಸ್ವಾಮಿ. ಹಾಲು ಅವಳದು."

"ನೀವು ಹಾಲು ಕರೆಯುತ್ತಿರಲಿಲ್ಲವೇ?"

"ಅವಳು ಬೀಳೋ ತನಕ ಒಂದು ದಿನ ಕರೆದವನಲ್ಲ. ಡೈರೆಕ್ಟರ್ ಆಗಿದ್ದೆ, ಕೆಚ್ಚಲು ಹಿಡಿಯೋದು ಗೊತ್ತಿರಲಿಲ್ಲ."

ಕೂತಿದ್ದವರೆಲ್ಲ ನಕ್ಕರು. ಆವಲಪ್ಪ ರಿಜಿಸ್ಟರಿನೊಳಗೆ ಮುಖ ಇಟ್ಟುಕೊಂಡ. ಜಡ್ಜ್ ಸಾಹೇಬರು ಮಾತ್ರ ನಗದೆ, ಆಕೆ ದಿನಾ ಏನೇನು ಮಾಡುತ್ತಿದ್ದರು ಹೇಳಿ ಅಂದರು.

ಅಕ್ಕ, ಇವರು ಹೇಳುತ್ತಾ ಹೋದರು. ನಾಲ್ಕೂವರೆಗೆ ಏಳುತ್ತಾಳೆ, ಸಗಣಿ ಬಾಚುತ್ತಾಳೆ, ಹಸು ತೊಳೆದು ಕರೆಯುತ್ತಾಳೆ, ಡೇರಿಗೆ ಹೊರುತ್ತಾಳೆ, ಬಂದು ಮುದ್ದೆ ಕೂಡಿಸುತ್ತಾಳೆ, ಹೊಲದಿಂದ ಹಸಿಹುಲ್ಲು ಕೊಯ್ದು ತರುತ್ತಾಳೆ, ಮಧ್ಯಾಹ್ನ ನೀರು, ಬೂಸ, ಹಿಂಡಿ, ಸಂಜೆ ಮತ್ತೆ ಕರೆಯೋದು. ಯಾವ ಹಸುವಿಗೆ ಎಷ್ಟು ಹಿಂಡಿ ಅನ್ನುವುದನ್ನೂ ಬಿಡಲಿಲ್ಲ. ಸಾಹೇಬರು ಬರೆಸಿಕೊಳ್ಳುವುದನ್ನು ನಿಲ್ಲಿಸಿ, ಇಷ್ಟು ವಿವರವಾಗಿ ನಿಮಗೆ ಹೇಗೆ ಗೊತ್ತು ಅಂದರು.

"ಹದಿನಾಲ್ಕು ತಿಂಗಳಿಂದ ನಾನೇ ಮಾಡ್ತಿದೀನಿ ಸ್ವಾಮಿ. ನಿಭಾಯಿಸೋಕಾಗದೆ ಎರಡನ್ನ ಮಾರಿದೆ. ಉಳಿದೆರಡರಲ್ಲಿ ಒಂದು ದಿನಾ ಒದೀತಿತ್ತು."

ಆಗ ಸಾಹೇಬರೂ ನಕ್ಕರು. ಆಮೇಲೆ ಆವಲಪ್ಪ ರಿಜಿಸ್ಟರ್ ಓದಿದ. ನಾನು ಬೀಳುವ ಮುಂಚೆ ನಮ್ಮ ಮನೆಯಿಂದ ದಿನಕ್ಕೆ ಮೂವತ್ತು ಲೀಟರ್ ಹೋಗುತ್ತಿತ್ತು, ಬಿದ್ದ ಮಾರನೇ ವಾರ ಎಂಟು. ಇನ್ಶೂರೆನ್ಸ್ ಲಾಯರು ಫೈಲು ಮುಚ್ಚಿ ಕೂತರು.

ಮುದ್ದೆ ಚೆನ್ನಾಗಿದೆ ಅಂತ ಕೂಡ ಒಂದು ದಿನ ಅಂದವರಲ್ಲ ಇವರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕಾಲು ನೋವೇನೋ ಅಂದುಕೊಂಡು ರಜನಿ ಮೇಡಂ ನೀರು ತಂದುಕೊಟ್ಟರು. ಹೊರಗೆ ಬಂದು ಹೋಟೆಲಿನಲ್ಲಿ ದೋಸೆ ತಿನ್ನುವಾಗ ಇವರು ತಟ್ಟೆ ನೋಡಿಕೊಂಡೇ, "ಜಾಸ್ತಿ ಹೇಳಿಬಿಟ್ನಾ" ಅಂದರು. "ಕಸ ಗುಡಿಸೋದು, ಬಟ್ಟೆ ಒಗೆಯೋದು ಬಿಟ್ರಲ್ಲ" ಅಂದೆ. ಇನ್ನೊಂದು ದೋಸೆ ಹೇಳಿದರು.

ಮೊನ್ನೆ ಗುರುವಾರ ತೀರ್ಪು ಬಂತು. ಕೇಳಿದ್ದರಲ್ಲಿ ಮುಕ್ಕಾಲು ಪಾಲು, ಬಡ್ಡಿ ಸೇರಿಸಿ. ಒಂದಷ್ಟು ನನ್ನ ಹೆಸರಲ್ಲೇ ಬ್ಯಾಂಕಿನಲ್ಲಿ ಇಡಬೇಕಂತೆ. ಆದರೆ ನಾನು ಮೇಡಂ ಕೈಲಿ ಎರಡು ಸಲ ಓದಿಸಿಕೊಂಡಿದ್ದು ಬೇರೆ ಸಾಲು. ಅರ್ಜಿದಾರರು ಹೈನುಗಾರಿಕೆಯಿಂದ ದುಡಿಯುತ್ತಿದ್ದವರು, ಮನೆಗೆಲಸವೂ ದುಡಿಮೆಯೇ ಅಂತ ಬರೆದಿದ್ದಾರೆ.

ಮಾರ್ಚಿನಲ್ಲಿ ಟೀ ಅಂಗಡಿಯಲ್ಲಿ ಇವರನ್ನು ಒಂದು ವಾರ ಒದೆ ತಿಂದ ಡೈರೆಕ್ಟರ್ ಅಂತ ಕರೆದರು. ಎಂಟನೇ ದಿನ ಇವರು ಡೈರೆಕ್ಟರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಕಾರ್ಡು ನನ್ನ ಹೆಸರಿಗೆ ಮಾಡಿಸಿಕೊಂಡು ಬಂದರು. ಆಮೇಲೆ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು, ಅದು ಹೇಗೆ ಮಾಡಿಸೋದು ಅಂತ ಮೆಲ್ಲಗೆ ಕೇಳಿದರು. ಈಗ ಆವಲಪ್ಪನ ಮೇಜಿನ ಮೇಲೆ ಒಂಬತ್ತು ಅರ್ಜಿ ಇವೆ. ತಲೆ ಚಚ್ಚಿಕೊಳ್ಳುತ್ತಾನೆ ಪಾಪ.

ಮುಂದಿನ ವಾರ ಮಾಲೂರು ಕಡೆ ಹಸು ನೋಡಲು ಹೋಗುತ್ತೇವೆ. ಆರಿಸುವುದು ನಾನಂತೆ. ನೀನು ಶ್ರಾವಣದಲ್ಲಿ ಬಂದು ನಾಲ್ಕು ದಿನ ಇದ್ದು ಹೋಗು.

ಇಂತಿ ನಿನ್ನ ತಂಗಿ,
ಗಂಗರತ್ನ
(ಉದ್ಯೋಗ: ಹೈನುಗಾರಿಕೆ)

ಮರೆತ ಮಾತು: ಡಾಕ್ಟರು ಕೋರ್ಟಿಗೆ ಹೇಳಿದ್ದೆಲ್ಲ ನಿಜ, ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲ. ಆದರೆ ಹೋದ ವಾರ ಕೈ ಪರೀಕ್ಷೆ ಮಾಡಿ, ಸಂಜೆ ಹೊತ್ತು ಒಂದು ಹಸು ನಿಧಾನವಾಗಿ ಕರೆಯಬಹುದು ಅಂದರು. ಇದನ್ನು ಇವರಿಗೆ ನಾನಿನ್ನೂ ಹೇಳಿಲ್ಲ. ಸಂಜೆ ಇವರು ಬಕೆಟ್ಟು ಮಂಡಿಯಲ್ಲಿ ಇರುಕಿಕೊಂಡು, ಹಸುವಿಗೆ ತೆಲುಗಿನಲ್ಲಿ ಉಂಡವೇ ತಲ್ಲಿ, ಉಂಡು, ಇರೇ ತಾಯಿ ಇರು ಅಂತ ಬೇಡಿಕೊಳ್ಳುತ್ತಾ ಹಾಲು ಕರೆಯುತ್ತಾರೆ. ನಾನು ಪಕ್ಕದ ಕಲ್ಲಿನ ಮೇಲೆ ಕಾಫಿ ಹಿಡಿದು ಕೂತು ನೋಡುತ್ತೇನೆ. ದೀಪಾವಳಿ ಕಳೆಯಲಿ, ಹೇಳುತ್ತೇನೆ.