ಲ್ಯಾಮಿನೇಷನ್ ಬೇಡ, ಎಬಿನೇಜರಣ್ಣ

೩೦ ಫೆಬ್ರವರಿ ೨೪೧೧

...ಅದಕ್ಕೇ ಬೇಡ ಎನ್ನುತ್ತಿದ್ದೇನೆ. ನಿಮ್ಮ ಚರ್ಚಿನ ಕಪಾಟಿನಲ್ಲಿ ಗ್ರೀಕ್ ಸುವಾರ್ತೆಯ ಎರಡು ತೊಗಲಿನ ಹಾಳೆ ಸಿಕ್ಕಿವೆ, ಲ್ಯಾಮಿನೇಷನ್ ಮಾಡಿಸಲಾ ಎಂದು ನೀವು ಗ್ರೂಪಿನಲ್ಲಿ ಕೇಳಿದ್ದಿರಿ. ಮುನ್ನೂರ ಎಂಬತ್ತೈದು ವರ್ಷವಾದರೂ ಅದರ ಕೆಳಗೆ ಒಬ್ಬರೂ ಉತ್ತರ ಬರೆದಿಲ್ಲ. ತಾರೀಕು ವಿಚಿತ್ರ ಅನ್ನಿಸಿದರೆ (ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ), ನನ್ನ ಮಾತು ಒರಟು ಅನ್ನಿಸಿದರೆ ಕ್ಷಮಿಸಿ. ನಾನು ಸುನೀತಿ ಕುಂದರ್, ತೊಗಲೋದು ಕಲಿಯುತ್ತಿರುವವಳು. ಅಂದರೆ ನಾವು ಅಕ್ಷರ ಓದುವುದಿಲ್ಲ. ಸುವಾರ್ತೆಯ ಮಾತುಗಳು ಎಲ್ಲ ಕಡೆ ಉಳಿದಿವೆ. ನಾವು ಓದುವುದು ಹಾಳೆಯನ್ನು: ಕೂದಲಿದ್ದ ಮಗ್ಗುಲು ಯಾವುದು, ಗೆರೆ ಎಳೆಯಲು ಸೂಜಿ ಎಲ್ಲಿ ಚುಚ್ಚಿದರು, ಯಾರ ಹೆಬ್ಬೆರಳಿನ ಜಿಡ್ಡು ಯಾವ ಸಾಲಿನ ಪಕ್ಕ ನಿಂತಿದೆ. ನಮ್ಮ ಕಾಲದಲ್ಲಿ ಕುರಿ, ಆಡು ಯಾವುದೂ ಇಲ್ಲ. ತೊಗಲು ಎಂಬುದನ್ನು ನಾನು ಮೊದಲು ಕಂಡದ್ದೇ ನಿಮ್ಮ ಹಾಳೆಗಳಲ್ಲಿ, ಅದೂ ಪ್ಲಾಸ್ಟಿಕ್ಕಿನ ಒಳಗೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಮಾಡಿಸುವ ಹಾಗೆ ಪ್ರೀತಿಯಿಂದಲೇ ಮಾಡಿಸಿದ್ದೀರಿ, ಗೊತ್ತು. ಆದರೆ ಯಂತ್ರದ ಬಿಸಿಗೆ ತೊಗಲು ಕುಗ್ಗಿ ಅಂಟಾಗುತ್ತದೆ. ಹೋದ ತಿಂಗಳು ನಮ್ಮ ಓಬೇದ ಮಾಸ್ತರು ಮೊದಲನೆಯದನ್ನು ಬಿಡಿಸಿದರು. ಶಾಯಿ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು, ಉಳಿದದ್ದು ಹಪ್ಪಳದ ಹಾಗೆ ಮುರಿಯಿತು. ಸದಾ ನನ್ನನ್ನು "ಪುಸ್ತಕ ಕಂಡ ಕೂಡಲೇ ಓದಲಿಕ್ಕೆ ಹೊರಡ್ತಿ, ಮೊದಲು ಮೂಸಿ ನೋಡು ಮಾರಾಯ್ತಿ" ಎಂದು ಗೇಲಿ ಮಾಡುತ್ತಿದ್ದವರು ಆ ಚೂರುಗಳನ್ನು ತಾವೇ ಮೂಸಿದರು.

"ಏನೂ ಇಲ್ಲ ಮಗಾ. ನಮ್ಮ ಕೆಲಸ ಇಲ್ಲಿಗೆ ಮುಗೀತು," ಎಂದರು. ಮರುದಿನದಿಂದ ಕೋಣೆಗೆ ಬರಲಿಲ್ಲ.

ಎರಡನೆಯದು ನನ್ನ ಮೇಜಿನ ಮೇಲಿದೆ, ಅಂಚಿನಿಂದ ಕಪ್ಪಾಗುತ್ತಿದೆ. ಬಿಡಿಸಿದರೂ ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಉಳಿದ ಕೊನೆಯ ತೊಗಲು ಇದು.

ಕಳೆದ ಕಾಲಕ್ಕೆ ಹಾಕುವ ಕಾಗದಕ್ಕೆ ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಹೆಚ್ಚಿನವರು ಅದನ್ನು ಸತ್ತವರಿಗೆ ಬರೆಯುತ್ತಾರೆ. ನಾನೂ ನಮ್ಮ ಅಮ್ಮನಿಗೆಂದು ಇಟ್ಟುಕೊಂಡಿದ್ದೆ. ಈ ಬೆಳಿಗ್ಗೆ ತಂಗಿ ಬಾಗಿಲಲ್ಲಿ ನಿಂತು, "ಒಂದು ಚರ್ಮದ ತುಂಡಿಗೋಸ್ಕರವಾ ಅಕ್ಕ?" ಎಂದು ಕೇಳಿದಳು. ನಾನು ಆ ಒಂದು ಹಿಂದೋಲೆಯನ್ನು ತೆಗೆದು ನಿಮಗೆ ಬರೆಯಲು ಕೂತೆ.

ಹಾಳೆಗಳನ್ನು ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿ ಇಟ್ಟುಬಿಡಿ. ಮತ್ತೇನೂ ಮಾಡಬೇಡಿ. ನಿಮ್ಮ ಪ್ರಶ್ನೆ ನನ್ನ ಎದುರು ತೆರೆದೇ ಇದೆ, ಕೆಳಗಿನ ಜಾಗ ಇನ್ನೂ ಖಾಲಿ; ನೀವು ಬರೆದರೆ ಅದು ನನಗೂ ಇಲ್ಲಿ ಕಾಣುತ್ತದೆ. ಅಲ್ಲಿ, ಎಲ್ಲರಿಗೂ ಕಾಣುವ ಹಾಗೆ, "ಮಾಡಿಸುವುದಿಲ್ಲ" ಎಂದು ಬರೆಯುವ ಧೈರ್ಯ ನಿಮಗಿದೆಯಾ?